ಬುದ್ಧಿಹಲ್ಲಿನ ಉದ್ಧರಣವೂ ನೇತ್ರಭೀತಿಯೂ

೧

ಮೇಲಣ ಹಲ್ಲನ್ನು ಕೀಳಿಸಿದರೆ ಕಣ್ಣಿಗೆ ಕೇಡುಂಟಾಗುವುದೆಂಬ ನಂಬಿಕೆಯು ಕನ್ನಡನಾಡಿನ ಬಹುಭಾಗಗಳಲ್ಲಿ ಪ್ರಚಾರದಲ್ಲಿರುವಂತೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ಸೀಮೆಯಲ್ಲಿಯೂ ರೂಢವಾಗಿದೆ. ಕಾಲಕ್ರಮದಲ್ಲಿ ಇದು ಮೇಲು ಕೆಳಗೆಂಬ ಭೇದವನ್ನು ಕಳೆದುಕೊಂಡು ಎಲ್ಲ ಹಲ್ಲುಗಳಿಗೂ ವ್ಯಾಪಿಸಿರುವುದುಂಟು. ಹದಿನೇಳು ಹದಿನೆಂಟು ವರ್ಷಗಳು ತುಂಬಿದ ಮೇಲೆ ದವಡೆಯ ತುದಿಯಲ್ಲಿ ಬುದ್ಧಿಹಲ್ಲು ಮೂಡತೊಡಗುವುದು. ಅದು ಸರಿಯಾಗಿ ಮೂಡದಿದ್ದಲ್ಲಿ ಒಸಡು ಬಾತು, ಕಿವಿಯವರೆಗೆ ನೋವು ಹರಿದು, ಬಾಯಿ ತೆರೆಯುವುದೂ ಕಷ್ಟವಾಗುವುದು. ವೈದ್ಯನು ಪರೀಕ್ಷಿಸಿ, ಹಲ್ಲನ್ನು ತೆಗೆಯಿಸಬೇಕೆನ್ನುವನು. ಮನೆಯ ಹಿರಿಯರಾದರೋ 'ಕೀಳಿಸಬ್ಯಾಡೋ ತಮ್ಮಾ, ಕಣ್ಣು ಹೋದಾವು' ಎನ್ನುವರು. ಮೊದಲೇ ನೋವಿಗೂ ಸೂಜಿಗೂ ಅಂಜಿದ್ದ ತರುಣನು ಈ ಮಾತನ್ನು ಆಶ್ರಯಿಸಿ, ನೋವು ತಗ್ಗಿದೊಡನೆ ವೈದ್ಯನ ಕಡೆಗೆ ಮುಖ ಮಾಡದೆ ಉಳಿಯುವನು.

ಈ ಮೂರು ಊರುಗಳೂ ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ಒಂದೇ ರೈಲುದಾರಿಯ ಮೇಲಿವೆ. ಆ ದಾರಿಯ ಒಂದು ಕಡೆಗೆ ದಾವಣಗೆರೆಯಲ್ಲಿ ೧೯೭೯ರಿಂದಲೂ, ಮತ್ತೊಂದು ಕಡೆಗೆ ಹುಬ್ಬಳ್ಳಿಯಾಚೆಯ ಧಾರವಾಡದಲ್ಲಿ ೧೯೮೬ರಿಂದಲೂ ದಂತವೈದ್ಯದ ಮಹಾವಿದ್ಯಾಲಯಗಳು ನಡೆಯುತ್ತಿವೆ. ಆದುದರಿಂದ ಚಿಕಿತ್ಸೆಯು ಅತಿದೂರವೆನ್ನುವಂತಿಲ್ಲ. ನಡುವೆ ಅಡ್ಡವಾಗಿ ನಿಂತಿರುವುದು ಬಹುಮಟ್ಟಿಗೆ ಭಯವೇ. ಈ ಭಯವು ಕೇವಲ ಅಜ್ಞಜನರ ಕಲ್ಪನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಸರಿಹೊಂದುವ ವಚನವು ಸುಶ್ರುತಸಂಹಿತೆಯಲ್ಲಿಯೇ ಇದೆ. ಆದರೆ ಅದೇ ಪ್ರಕರಣದಲ್ಲಿ ಅದಕ್ಕಿಂತ ಮೊದಲು ಬರುವ ಇನ್ನೊಂದು ವಚನವನ್ನು ಲೋಕವು ಮರೆತಿದೆ. ಆ ಎರಡನ್ನೂ ಕೂಡಿಸಿ ವಿಚಾರಿಸುವುದು, ಈಗಿನ ಶಾರೀರಶಾಸ್ತ್ರದೊಡನೆ ಹೋಲಿಸಿ ನೋಡುವುದು, ಈ ಲೇಖನದ ಉದ್ದೇಶ.

೨

ಮೊದಲು ಹೆಸರಿನ ವಿಚಾರ. 'ಬುದ್ಧಿಹಲ್ಲು' ಎಂಬುದು ಪ್ರಾಚೀನ ಕನ್ನಡ ಪದವಲ್ಲ. ಇಂಗ್ಲಿಷಿನಲ್ಲಿ ಇದೇ ಅರ್ಥವುಳ್ಳ ಹೆಸರಿನ ಅನುವಾದವಾಗಿದೆ. ಆ ಇಂಗ್ಲಿಷು ಹೆಸರಾದರೂ ಸ್ವತಂತ್ರವಾದುದಲ್ಲ. ಗ್ರೀಕರು ಈ ಹಲ್ಲುಗಳನ್ನು 'ವಿವೇಕವನ್ನು ತರುವವು' ಎಂಬರ್ಥದ ಮಾತಿನಿಂದ ಕರೆದರು. ಅದು ಅರಬ್ಬಿ ವೈದ್ಯಗ್ರಂಥಗಳಿಗೆ ಬಂದು, ಅಲ್ಲಿಂದ ಲ್ಯಾಟಿನ್ನಿಗೂ ಯುರೋಪಿನ ದೇಶಭಾಷೆಗಳಿಗೂ ಇಳಿಯಿತು. ಮರಾಠಿಯ 'ಅಕ್ಕಲದಾಢ' ಎಂಬ ಪದದಲ್ಲಿರುವ 'ಅಕ್ಕಲ್' ಅರಬ್ಬಿಯದು, 'ದಾಢ' ಸಂಸ್ಕೃತದ 'ದಂಷ್ಟ್ರಾ' ಶಬ್ದದ ತದ್ಭವ. ಎಲ್ಲ ಕಡೆಗಳಲ್ಲಿಯೂ ಹೆಸರಿಗೆ ಕಾರಣ ಒಂದೇ: ಮನುಷ್ಯನಿಗೆ ತಿಳಿವಳಿಕೆ ಬರುವ ವಯಸ್ಸಿನಲ್ಲಿ ಈ ಹಲ್ಲು ಮೂಡುವುದು. ಬುದ್ಧಿಗೂ ಇದಕ್ಕೂ ಬೇರೆ ಸಂಬಂಧವಿಲ್ಲ. ಇದನ್ನು ತೆಗೆಯಿಸಿದವನ ಬುದ್ಧಿಗೆ ಯಾವ ನ್ಯೂನತೆಯೂ ಬರುವುದಿಲ್ಲ.

ನಮ್ಮ ವೈದ್ಯಸಂಹಿತೆಗಳು ಈ ಹಲ್ಲಿಗೆ ಬುದ್ಧಿಯೊಡನೆ ಸಂಬಂಧ ಕಲ್ಪಿಸಿಲ್ಲ. ಸುಶ್ರುತನು ರೋಗಪ್ರಸಂಗದಲ್ಲಿ 'ಪಶ್ಚಿಮದಂತ', ಎಂದರೆ ಕಡೆಯ ಹಲ್ಲು, ಎಂದಷ್ಟೇ ನಿರ್ದೇಶಿಸುವನು. ಹಲ್ಲಿಗೆ 'ದ್ವಿಜ'ವೆಂಬ ಪರ್ಯಾಯಪದವಿರುವುದು ಕಾವ್ಯವನ್ನು ಪಾಠಹೇಳುವವರೆಲ್ಲರಿಗೂ ವಿದಿತವಾಗಿದೆ. ಬ್ರಾಹ್ಮಣ, ಪಕ್ಷಿ, ದಂತ ಈ ಮೂರರ್ಥಗಳಿಂದ ಕವಿಗಳಿಗೆ ಶ್ಲೇಷಕ್ಕೆ ಒದಗಿದ ಶಬ್ದವಿದು. ಆದರೆ ಎಲ್ಲ ಹಲ್ಲುಗಳೂ ದ್ವಿಜಗಳಲ್ಲ. ಕಾಶ್ಯಪಸಂಹಿತೆಯು ಮೂವತ್ತೆರಡು ಹಲ್ಲುಗಳಲ್ಲಿ ಎಂಟನ್ನು 'ಸಕೃಜ್ಜಾತ', ಅಂದರೆ ಒಮ್ಮೆ ಮಾತ್ರ ಹುಟ್ಟುವವು, ಎಂದು ಬೇರ್ಪಡಿಸಿ, ಉಳಿದವನ್ನು ದ್ವಿಜಗಳೆನ್ನುವುದು. ಈಗಿನ ಗಣನೆಯಂತೆ ಹಾಲುಹಲ್ಲು ಬಿದ್ದು ಮತ್ತೆ ಹುಟ್ಟುವವು ಇಪ್ಪತ್ತು, ಒಮ್ಮೆ ಮಾತ್ರ ಹುಟ್ಟುವವು ಹನ್ನೆರಡು. ಸಂಖ್ಯೆಯಲ್ಲಿ ಭೇದವಿದ್ದರೂ ವಿಭಾಗದ ತತ್ತ್ವವು ಒಂದೇ. ಬುದ್ಧಿಹಲ್ಲು ಸಕೃಜ್ಜಾತಗಳಲ್ಲಿ ಕೊನೆಯದು. ಉಳಿದ ಹಲ್ಲುಗಳೆಲ್ಲವೂ ತಮ್ಮ ತಮ್ಮ ಸ್ಥಾನಗಳನ್ನು ಹಿಡಿದ ಮೇಲೆ ಬರುವುದರಿಂದ ಇದಕ್ಕೆ ಎಷ್ಟೋ ವೇಳೆ ಸ್ಥಳವು ಸಾಲದೆ ಹೋಗುವುದು. ಆಗ ಅದು ಓರೆಯಾಗಿ ಮುಂದಣ ಹಲ್ಲನ್ನು ಒತ್ತುವುದು. ಇಲ್ಲವೆ ಅರ್ಧ ಮೂಡಿ ಅರ್ಧ ಒಸಡಿನೊಳಗೆ ಉಳಿಯುವುದು. ಇಲ್ಲವೆ ಎಲುಬಿನಲ್ಲಿಯೇ ಹುದುಗಿರುವುದು.

೩

ಅರ್ಧ ಮೂಡಿದ ಹಲ್ಲಿನ ಮೇಲೆ ಒಸಡು ಮುಚ್ಚಳದಂತೆ ಕವಿದಿರುವುದು. ಅದರ ಅಡಿಯಲ್ಲಿ ಅನ್ನದ ಕಣಗಳು ಸಿಕ್ಕಿ ಕೊಳೆತು, ಸೂಕ್ಷ್ಮಜೀವಿಗಳು ಬೆಳೆದು, ಬಾವು ಹುಟ್ಟುವುದು. ಸುಶ್ರುತನು ದಂತಮೂಲಗತ ರೋಗಗಳಲ್ಲಿ 'ಅಧಿಮಾಂಸ'ವೆಂಬುದನ್ನು ಹೇಳಿರುವನು: ದವಡೆಯ ಕಡೆಯ ಹಲ್ಲಿನಲ್ಲಿ ದೊಡ್ಡ ಬಾವು, ತೀವ್ರವಾದ ನೋವು, ಜೊಲ್ಲುಸುರಿಕೆ, ಇದು ಕಫದಿಂದಾದುದು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇದನ್ನೇ ಹಲ್ಲುಗಳ ಕೊನೆಯಲ್ಲಿ ಮೊಳೆಯಂತೆ ಏಳುವ ಬಾವೆಂದೂ, ದವಡೆ ಕಿವಿಗಳಲ್ಲಿ ನೋವನ್ನುಂಟುಮಾಡಿ ನುಂಗುವುದನ್ನು ತಡೆಯುವುದೆಂದೂ ವರ್ಣಿಸಿರುವನು. ಸ್ಥಾನ, ಬಾವು, ಕಿವಿಗೆ ಹರಿಯುವ ನೋವು, ನುಂಗುವ ಕಷ್ಟ ಈ ನಾಲ್ಕೂ ಈಗಿನ ದಂತವೈದ್ಯರು ಬುದ್ಧಿಹಲ್ಲಿನ ಒಸಡುಬಾವಿನಲ್ಲಿ ಕಾಣುವ ಲಕ್ಷಣಗಳೇ ಆಗಿವೆ. ಸುಶ್ರುತನು ಹೇಳಿದ ಚಿಕಿತ್ಸೆಯು ಅಧಿಕವಾದ ಮಾಂಸವನ್ನು ಕತ್ತರಿಸಿ, ಬಜೆ ಮೊದಲಾದುವುಗಳ ಚೂರ್ಣವನ್ನು ಜೇನಿನೊಡನೆ ಉಪಯೋಗಿಸುವುದು. ಕವಿದ ಒಸಡನ್ನು ಕತ್ತರಿಸಿ ತೆಗೆಯುವ ಕ್ರಮವು ಯೋಗ್ಯವಾದ ಪ್ರಸಂಗಗಳಲ್ಲಿ ಇಂದಿಗೂ ಆಚರಣೆಯಲ್ಲಿದೆ.

ಇದಲ್ಲದೆ 'ವರ್ಧನ'ವೆಂಬ ಇನ್ನೊಂದು ವ್ಯಾಧಿಯು ಹೇಳಲ್ಪಟ್ಟಿದೆ. ವಾತದಿಂದ ಅಧಿಕವಾದ ಹಲ್ಲೊಂದು ತೀವ್ರವೇದನೆಯೊಡನೆ ಹುಟ್ಟುವುದು. ಹುಟ್ಟಿದ ಮೇಲೆ ನೋವು ಶಮನವಾಗುವುದು. ಇದು ಬುದ್ಧಿಹಲ್ಲೇ ಎಂದು ನಿರ್ಣಯಿಸುವುದು ಸಾಹಸವಾದರೂ, ಮೂಡುವಾಗ ನೋಯಿಸಿ ಮೂಡಿದ ಮೇಲೆ ಸುಮ್ಮನಾಗುವ ಸ್ವಭಾವವು ಅದಕ್ಕೆ ಚೆನ್ನಾಗಿ ಒಪ್ಪುವುದು. ಅಧಿಕದಂತವನ್ನು ಕಿತ್ತು, ಆ ಸ್ಥಾನವನ್ನು ಅಗ್ನಿಯಿಂದ ಸುಡಬೇಕೆಂದು ಸುಶ್ರುತನ ವಿಧಿ. ಹಲ್ಲನ್ನು ಕೀಳುವುದಕ್ಕೆ ವಾಗ್ಭಟನು 'ದಂತಪಾತನ'ವೆಂಬ ಪ್ರತ್ಯೇಕ ಉಪಕರಣವನ್ನೇ ಹೇಳಿರುವನು. ಅದು ನಾಲ್ಕಂಗುಲ ಉದ್ದವುಳ್ಳದ್ದು, ಬಾಣದ ಗರಿಯ ಆಕಾರದ ಬಾಯುಳ್ಳದ್ದು. ಹಲ್ಲನ್ನು ಕೀಳಿಸುವುದೇ ಶಾಸ್ತ್ರವಿರುದ್ಧವೆಂಬ ಮಾತಿಗೆ ಇಷ್ಟರಿಂದಲೇ ಆಧಾರವು ತಪ್ಪುವುದು.

೪

ಇನ್ನು ಮೂಲಪ್ರಶ್ನೆಗೆ ಬರಬಹುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೨೨ನೆಯ ಅಧ್ಯಾಯದಲ್ಲಿ ದಂತನಾಡಿಯ, ಎಂದರೆ ಹಲ್ಲಿನ ಬುಡದಲ್ಲಿ ಕೀವು ಹರಿಯುವ ಹುಣ್ಣಿನ, ಚಿಕಿತ್ಸೆಯು ಬರುತ್ತದೆ. ಅಲ್ಲಿಯ ಕ್ರಮವು ಹೀಗಿದೆ. ಯಾವ ಹಲ್ಲಿನಲ್ಲಿ ನಾಡಿಯು ಉಂಟಾಗಿದೆಯೋ ಆ ಹಲ್ಲನ್ನು, ಅದು ಮೇಲಣದಲ್ಲದಿದ್ದರೆ, ಕೀಳಬೇಕು. ಉಪೇಕ್ಷಿಸಿದರೆ ಆ ನಾಡಿಯು ದವಡೆಯ ಎಲುಬನ್ನು ಭೇದಿಸುವುದು ನಿಶ್ಚಯ. ಆದುದರಿಂದ ಹಲ್ಲನ್ನು ಬೇರುಸಹಿತವಾಗಿ ತೆಗೆಯಬೇಕು. ಇದಾದ ಮೇಲೆ, ಗಟ್ಟಿಯಾಗಿ ನೆಲೆಗೊಂಡ ಮೇಲಣ ಹಲ್ಲನ್ನು ಬೇರುಸಹಿತ ಕಿತ್ತರೆ ರಕ್ತವು ಅತಿಯಾಗಿ ಹರಿದು ಘೋರರೋಗಗಳು ಉಂಟಾಗುವುವು, ಮನುಷ್ಯನು ಕಾಣನಾಗುವನು, ಎಂದರೆ ಒಂದು ಕಣ್ಣು ಇಲ್ಲದವನಾಗುವನು, ಅವನಿಗೆ ಮುಖವು ಸೊಟ್ಟಗಾಗುವ ಅರ್ದಿತವಾತವೂ ಬರುವುದು. ಆದುದರಿಂದ ಅಲುಗಾಡುತ್ತಿದ್ದರೂ ಮೇಲಣ ಹಲ್ಲನ್ನು ವೈದ್ಯನು ಕೀಳಕೂಡದು ಎಂದು ನಿಷೇಧವು ಬರುವುದು.

ಲೋಕದ ನಂಬಿಕೆಯು ಈ ನಿಷೇಧದ ಛಾಯೆಯಂತಿರುವುದು ಸ್ಪಷ್ಟ. ಶಾಸ್ತ್ರದಿಂದ ಲೋಕಕ್ಕೆ ಇಳಿಯಿತೋ ಲೋಕಾನುಭವದಿಂದ ಶಾಸ್ತ್ರಕ್ಕೆ ಏರಿತೋ, ಎರಡರ ತಾತ್ಪರ್ಯವೂ ಒಂದೇ. ಆದರೆ ವಾಕ್ಯವನ್ನು ಪೂರ್ವಾಪರದೊಡನೆ ಓದಿದಾಗ ಮೂರು ಅಂಶಗಳು ಎದ್ದುಕಾಣುವುವು.

ಮೊದಲನೆಯದು, ನಿಷೇಧವು ಮೇಲಣ ಹಲ್ಲಿಗೆ ಮಾತ್ರ. ಬುದ್ಧಿಹಲ್ಲು ಹುದುಗಿ ಬಾವನ್ನೂ ನೋವನ್ನೂ ತರುವುದು ಹೆಚ್ಚಾಗಿ ಕೆಳದವಡೆಯಲ್ಲಿ. ಹೀಗಿರಲು, ಯಾವ ಹಲ್ಲಿನ ವಿಷಯದಲ್ಲಿ ಜನರು ಹೆಚ್ಚಾಗಿ ಅಂಜುವರೋ ಆ ಹಲ್ಲನ್ನು ಈ ವಚನವು ಮುಟ್ಟುವುದೇ ಇಲ್ಲ.

ಎರಡನೆಯದು, ನಿಷೇಧಕ್ಕೆ ಹೇತುವು ವಾಚ್ಯವಾಗಿಯೇ ಇದೆ. ಅದು ರಕ್ತಾತಿಯೋಗ, ರಕ್ತವು ಅತಿಯಾಗಿ ಹೋಗುವುದು. ಹೇತುವನ್ನು ಹೇಳಿ ಮಾಡಿದ ನಿಷೇಧವು, ಹೇತುವು ಇಲ್ಲದ ಕಡೆ ನಿಲ್ಲಲಾರದೆಂಬುದು ಶಾಸ್ತ್ರಜ್ಞರು ಒಪ್ಪತಕ್ಕ ಮಾತು. ಗಾಯವನ್ನು ಒತ್ತಿಹಿಡಿಯುವ ಅರಿವೆ, ಹೊಲಿಗೆ, ರಕ್ತನಾಳಗಳನ್ನು ಕುಗ್ಗಿಸುವ ಔಷಧ, ರೋಗಿಯ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಮೊದಲೇ ಪರೀಕ್ಷಿಸುವ ಉಪಾಯ ಇವೆಲ್ಲವೂ ಈಗ ವೈದ್ಯನ ಕೈಯಲ್ಲಿವೆ.

ಮೂರನೆಯದು, ಎಲ್ಲಕ್ಕಿಂತಲೂ ಮುಖ್ಯವಾದುದು: ಕೆಟ್ಟ ಹಲ್ಲನ್ನು ಉಪೇಕ್ಷಿಸಿದರೆ ದವಡೆಯೇ ಕೆಡುವುದೆಂಬ ಎಚ್ಚರಿಕೆಯು ನಿಷೇಧಕ್ಕಿಂತ ಮೊದಲು ಬಂದಿದೆ. ಜನರ ನೆನಪಿನಲ್ಲಿ 'ಕೀಳಬೇಡ' ಎಂಬುದು ಉಳಿದು, 'ಉಪೇಕ್ಷಿಸಬೇಡ' ಎಂಬುದು ಅಳಿಯಿತು. ಭಯಕ್ಕೆ ಅನುಕೂಲವಾದ ಅರ್ಧವನ್ನು ಮಾತ್ರ ಲೋಕವು ಕಂಠಪಾಠಮಾಡಿದಂತಾಯಿತು.

೫

ಕಣ್ಣಿಗೂ ಹಲ್ಲಿಗೂ ಇರುವ ನಿಜವಾದ ಸಂಬಂಧವೇನು? ಮುಖದ ಸ್ಪರ್ಶವನ್ನೂ ನೋವನ್ನೂ ಮೆದುಳಿಗೆ ಒಯ್ಯುವ ನರವೊಂದು ಪ್ರತಿಪಾರ್ಶ್ವದಲ್ಲಿಯೂ ಇದ್ದು, ಅದು ಮೂರು ಕವಲುಗಳಾಗಿ ಒಡೆಯುವುದು. ಮೊದಲನೆಯದು ಹಣೆಗೂ ರೆಪ್ಪೆಗೂ ಕಣ್ಣಿನ ಮೇಲ್ಮೈಗೂ, ಎರಡನೆಯದು ಮೇಲಣ ಹಲ್ಲುಗಳಿಗೂ, ಮೂರನೆಯದು ಕೆಳಗಣ ಹಲ್ಲುಗಳಿಗೂ ಹೋಗುವುದು. ಮೂರಕ್ಕೂ ಮೂಲವು ಒಂದಾದುದರಿಂದ ಹಲ್ಲಿನ ನೋವು ಹಣೆಯಲ್ಲಿಯೂ ಕಣ್ಣಿನ ಸುತ್ತಲೂ ಇದ್ದಂತೆ ತೋರುವುದುಂಟು. ಆದರೆ ನೋಡುವ ಶಕ್ತಿಯು ಈ ನರಕ್ಕೆ ಸೇರಿದುದೇ ಅಲ್ಲ. ಕಣ್ಣಿನ ಹಿಂಭಾಗದಿಂದ ಹೊರಟು ಮೆದುಳನ್ನು ಸೇರುವ ಬೇರೊಂದು ನರದಿಂದ ದೃಷ್ಟಿಯುಂಟಾಗುವುದು. ಹಲ್ಲನ್ನು ಕಿತ್ತ ಮಾತ್ರಕ್ಕೆ ಆ ನರಕ್ಕೆ ಯಾವ ಬಾಧೆಯೂ ಇಲ್ಲ. ಚುಚ್ಚಿದ ಔಷಧವು ಅತಿ ವಿರಳವಾಗಿ ಕಣ್ಣಿನ ಕಡೆಗೆ ಹರಡಿ, ಒಂದು ವಸ್ತುವು ಎರಡಾಗಿ ತೋರುವುದುಂಟು. ಸಾಮಾನ್ಯವಾಗಿ ಔಷಧದ ಪ್ರಭಾವವು ಇಳಿದಂತೆ ಅದೂ ಇಲ್ಲವಾಗುವುದು.

ಹಾಗಾದರೆ ಹಲ್ಲು ಕೀಳಿಸಿದ ಮೇಲೆ ದೃಷ್ಟಿ ಮಂದವಾಯಿತೆಂದು ಹೇಳುವವರ ಅನುಭವವು ಸುಳ್ಳೇ? ಅನುಭವವು ಸುಳ್ಳಲ್ಲ, ಕಾರ್ಯಕಾರಣಭಾವವು ಸುಳ್ಳು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರಗಳು ಎಲ್ಲರಿಗೂ ಮಸುಕಾಗತೊಡಗುವುವು. ಹುಳುಕಾದ ಹಲ್ಲುಗಳನ್ನು ಕೀಳಿಸುವ ಪ್ರಸಂಗವೂ ಆ ವಯಸ್ಸಿನಲ್ಲಿಯೇ ಹೆಚ್ಚು. ಬುದ್ಧಿಹಲ್ಲಿನ ವಯಸ್ಸಾದರೋ ವಿದ್ಯಾರ್ಥಿದೆಶೆಯ ವಯಸ್ಸು. ದೂರದ ವಸ್ತುಗಳು ಕಾಣದೆ ಅನೇಕರು ಕನ್ನಡಕವನ್ನು ಧರಿಸುವುದೂ ಆಗಲೇ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲವು ಒಂದಾದರೆ ಕಾಗೆಯೇ ಹಣ್ಣನ್ನು ಕೆಡವಿತೆನ್ನುವ ಕಾಕತಾಲೀಯನ್ಯಾಯವೇ ಇಲ್ಲಿ ನಡೆದಿದೆ.

ವಾಸ್ತವವಾಗಿ ಅಪಾಯವು ವಿರುದ್ಧದಿಕ್ಕಿನಲ್ಲಿದೆ. ಮೇಲಣ ಹಲ್ಲಿನ ಬುಡದಲ್ಲಿ ಕೀವು ನಿಂತು ಉಪೇಕ್ಷಿತವಾದರೆ, ಅದು ವಿರಳವಾಗಿಯಾದರೂ ಕಣ್ಣಿನ ಗುಳಿಯವರೆಗೆ ಹರಡಿ ದೃಷ್ಟಿಗೆ ಕೇಡುಮಾಡಬಲ್ಲುದು. ಕೆಳಗಣ ಹಲ್ಲಿನ ಕೀವು ನಾಲಗೆಯ ಅಡಿಗೂ ಕೊರಳಿಗೂ ಇಳಿದು ಉಸಿರುಕಟ್ಟಿಸಬಲ್ಲುದು; ಈ ಘೋರವ್ಯಾಧಿಯನ್ನು ೧೮೩೬ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು ವರ್ಣಿಸಿದನು. ಕಣ್ಣನ್ನು ಕಾಪಾಡುವೆನೆಂದು ಕೆಟ್ಟ ಹಲ್ಲನ್ನು ಉಳಿಸಿಕೊಳ್ಳುವವನು ಕಣ್ಣಿಗೇ ಅಪಾಯವನ್ನು ಕಾಪಾಡಿಕೊಂಡಂತಾಗುವುದು.

೬

ಇಷ್ಟು ಹೇಳಿದರೂ ಭಯವು ಹೋಗಲಾರದು. ಭಯವು ತರ್ಕದಿಂದ ಹುಟ್ಟಿದುದಲ್ಲವಾದುದರಿಂದ ತರ್ಕಮಾತ್ರದಿಂದ ಅಡಗುವುದಿಲ್ಲ. ಇದನ್ನು ಚರಕನು ಚೆನ್ನಾಗಿ ಅರಿತಿದ್ದನು. ಕತ್ತಲೆಯಲ್ಲಿ ಏನೋ ಚುಚ್ಚಿದಾಗ ಹಾವು ಕಚ್ಚಿತೆಂಬ ಶಂಕೆಯಿಂದಲೇ ಮನುಷ್ಯನಿಗೆ ಜ್ವರ, ವಾಂತಿ, ಮೂರ್ಛೆ, ದಾಹ ಉಂಟಾಗುವುವು. ಇದಕ್ಕೆ ಅವನು 'ಶಂಕಾವಿಷ'ವೆಂದು ಹೆಸರಿಟ್ಟನು. ವಿಷವಿಲ್ಲವಾದರೂ ವ್ಯಾಧಿಯುಂಟು. ಅದಕ್ಕೆ ಔಷಧದೊಡನೆ ಸಾಂತ್ವನವನ್ನೂ ಹರ್ಷಣವನ್ನೂ ಚಿಕಿತ್ಸೆಯಾಗಿ ವಿಧಿಸಿದನು. ದಂತವೈದ್ಯನ ಕುರ್ಚಿಯಲ್ಲಿ ಬೆವರುವವನ ಭಯವೂ ಇಂತಹುದೇ. ಅದನ್ನು ಹೇಡಿತನವೆಂದು ಹಳಿಯುವುದು ಶಾಸ್ತ್ರಸಮ್ಮತವಲ್ಲ. ಆಧುನಿಕರೂ ಇದನ್ನು ಅಳೆಯತಕ್ಕ ವಿಷಯವೆಂದೇ ಎಣಿಸಿರುವರು. ನಾರ್ಮನ್ ಕೋರಾ ಎಂಬ ಅಮೇರಿಕದ ವಿದ್ವಾಂಸನು ೧೯೬೯ರಲ್ಲಿ ನಾಲ್ಕು ಪ್ರಶ್ನೆಗಳ ಮಾನದಂಡವೊಂದನ್ನು ಇದಕ್ಕಾಗಿ ಪ್ರಕಟಿಸಿದನು.

ಪೂರ್ವಕಾಲದಲ್ಲಿ ಈ ಭಯಕ್ಕೆ ಹೇರಳವಾಗಿ ಕಾರಣವಿತ್ತು. ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಭೋಜನವನ್ನು ಕೊಡಬೇಕೆಂದೂ, ನೋವನ್ನು ತಾಳಲಾರದ ಮದ್ಯಪಾಯಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಸುಶ್ರುತನು ಹೇಳಿದರೂ, ಮುಖರೋಗಗಳಲ್ಲಿ ಮಾತ್ರ ಊಟಮಾಡದವನಿಗೇ ಕರ್ಮವನ್ನು ನಡೆಸಬೇಕೆಂದು ಅವನೇ ವಿಧಿಸಿರುವನು. ಹಲ್ಲಿನ ರೋಗಿಗೆ ಇಷ್ಟಭೋಜನದ ಸಮಾಧಾನವೂ ಇರಲಿಲ್ಲ. ಈ ಸ್ಥಿತಿಯು ಬದಲಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೪೬ರಲ್ಲಿ ಬೋಸ್ಟನ್ ನಗರದಲ್ಲಿ ಈಥರನ್ನು ಮೂಸಿಸಿ ನೋವಿಲ್ಲದೆ ಶಸ್ತ್ರಕರ್ಮವನ್ನು ಮಾಡಿಸಿ ತೋರಿಸಿದ ಮಾರ್ಟನ್ ದಂತವೈದ್ಯನೇ ಆಗಿದ್ದನು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಕೊಕೇನಿನಿಂದ ಕಣ್ಣನ್ನು ಮಾತ್ರ ಜೋಮುಗೊಳಿಸಿ, ರೋಗಿಯು ಎಚ್ಚರವಾಗಿರುವಾಗಲೇ ಶಸ್ತ್ರಕರ್ಮವು ಸಾಧ್ಯವೆಂದು ತೋರಿಸಿದನು. ಇದನ್ನು ಕೇಳಿದೊಡನೆಯೇ ನ್ಯೂಯಾರ್ಕಿನಲ್ಲಿ ಹಾಲ್‌ಸ್ಟೆಡ್ ಮೊದಲಾದವರು ಕೆಳದವಡೆಯ ನರದ ಬಳಿ ಅದನ್ನು ಚುಚ್ಚಿ ಹಲ್ಲುಗಳನ್ನು ಜೋಮುಗೊಳಿಸಿದರು. ಹಲ್ಲಿನಿಂದ ಕಣ್ಣಿಗೆ ಕೇಡೆಂದು ಜನರು ಅಂಜುತ್ತಿರಲು, ಹಲ್ಲಿನ ನೋವನ್ನು ಕಳೆಯುವ ಉಪಾಯವು ಕಣ್ಣಿನ ಚಿಕಿತ್ಸೆಯಿಂದಲೇ ಬಂದಿತು. ಕೊಕೇನಿನ ದೋಷಗಳನ್ನು ಪರಿಹರಿಸಲು ಇತರ ಔಷಧಗಳು ಬಂದುವು. ಅವುಗಳಲ್ಲಿ ೧೯೪೩ರಲ್ಲಿ ಸ್ವೀಡನ್ನಿನಲ್ಲಿ ಲೋಫ್‌ಗ್ರೆನ್ ಸಿದ್ಧಪಡಿಸಿದ ಲಿಡೊಕೇನು ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ.

ಆದುದರಿಂದ ಈಗ ನಡೆಯುವುದೇನೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಸೂಜಿಯ ಚುಚ್ಚುವಿಕೆಯು ಕ್ಷಣಕಾಲ ನೋಯಿಸುವುದು. ಬಳಿಕ ಕೆಳದವಡೆಯಾದರೆ ತುಟಿಯೂ ನಾಲಗೆಯೂ ಒಂದು ಪಾರ್ಶ್ವದಲ್ಲಿ ದಪ್ಪವಾದಂತೆ ತೋರುವುವು. ರಕ್ತಸ್ರಾವವನ್ನು ತಗ್ಗಿಸಲು ಔಷಧದಲ್ಲಿ ಅಡ್ರಿನಲಿನನ್ನು ಬೆರೆಸುವುದುಂಟು. ಅದರಿಂದ ಎದೆಯು ಸ್ವಲ್ಪ ಹೊತ್ತು ಬಡಿದುಕೊಳ್ಳಬಹುದು. ಸುಶ್ರುತನು ಅಂಜಿದ ರಕ್ತಾತಿಯೋಗವನ್ನು ತಡೆಯುವ ದ್ರವ್ಯವೇ ಅದೆಂದು ತಿಳಿದವನು ಆ ಬಡಿತಕ್ಕೆ ಹೆದರಬೇಕಾಗಿಲ್ಲ. ಅನಂತರ ಒತ್ತುವುದೂ ಎಳೆಯುವುದೂ ತಿಳಿಯುವುದು, ಎಲುಬಿನ ಮೂಲಕ ಸದ್ದೂ ದೊಡ್ಡದಾಗಿ ಕೇಳುವುದು. ನೋವು ಮಾತ್ರ ಇರತಕ್ಕದ್ದಲ್ಲ. ಇದ್ದರೆ ಕೈಯೆತ್ತಿ ತಿಳಿಸಿದೊಡನೆ ವೈದ್ಯನು ನಿಲ್ಲಿಸಿ ಮತ್ತಷ್ಟು ಔಷಧವನ್ನು ಕೊಡುವನು. ಈ ಸಂಕೇತವನ್ನು ಮೊದಲೇ ಮಾಡಿಕೊಂಡರೆ ಭಯವು ಬಹಳವಾಗಿ ಇಳಿಯುವುದು.

೭

ಬುದ್ಧಿಹಲ್ಲುಗಳನ್ನೆಲ್ಲ ಕೀಳಿಸಲೇಬೇಕೆಂಬುದೂ ಸರಿಯಲ್ಲ. ನೆಟ್ಟಗೆ ಮೂಡಿ, ಶುಚಿಯಾಗಿಡಲು ಎಟಕುವಂತಿದ್ದು, ಬಾಧಿಸದಿರುವ ಹಲ್ಲನ್ನು ಉಳಿಸಿಕೊಳ್ಳಬಹುದು. ಹುದುಗಿದ್ದರೂ ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ನೆಪದಿಂದ ತೆಗೆಯಕೂಡದೆಂದು ಇಂಗ್ಲೆಂಡಿನಲ್ಲಿ ೨೦೦೦ನೆಯ ಇಸವಿಯಲ್ಲಿ ನಿರ್ದೇಶವಾಯಿತು. ಮತ್ತೆ ಮತ್ತೆ ಬಾವು ಬರುವುದು, ಹುಳುಕು, ಮುಂದಣ ಹಲ್ಲಿಗೆ ಕೇಡು, ಕೀವು ಇವು ಉದ್ಧರಣಕ್ಕೆ ಕಾರಣಗಳು. ಕೆಳದವಡೆಯ ನರವು ಬೇರಿನ ಸಮೀಪದಲ್ಲಿದ್ದರೆ ತುಟಿಯಲ್ಲಿ ಕೆಲಕಾಲ, ಅಪೂರ್ವವಾಗಿ ಶಾಶ್ವತವಾಗಿ, ಜೋಮು ಉಳಿಯಬಹುದು. ಇದನ್ನು ಕ್ಷಕಿರಣಚಿತ್ರದಿಂದ ಮೊದಲೇ ಪರೀಕ್ಷಿಸುವರು. ಕೇಳತಕ್ಕ ಪ್ರಶ್ನೆಯು ಇದು, ಕಣ್ಣಿನದಲ್ಲ. ಸಿಹಿಮೂತ್ರರೋಗ, ಹೃದ್ರೋಗ, ಗರ್ಭ, ರಕ್ತವನ್ನು ತೆಳುಮಾಡುವ ಔಷಧ ಇವುಗಳಿದ್ದರೆ ವೈದ್ಯನಿಗೆ ಮರೆಮಾಡದೆ ತಿಳಿಸಬೇಕು.

ಕಿತ್ತ ಮೇಲೆ ಉಳಿಯುವ ಕುಳಿಯನ್ನು ಸಂಹಿತೆಗಳು 'ದಂತೋಲೂಖಲ', ಹಲ್ಲಿನ ಒರಳು, ಎನ್ನುವುವು. ಆ ಒರಳಿನಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕದಲಿದರೆ ಎಲುಬು ಬಯಲಾಗಿ, ಎರಡು ಮೂರು ದಿವಸಗಳಲ್ಲಿ ಕಡುನೋವು ಏಳುವುದು. ಆದುದರಿಂದ ಅರಿವೆಯನ್ನು ಅರ್ಧಗಂಟೆಯಾದರೂ ಕಚ್ಚಿಹಿಡಿಯಬೇಕು. ಮೊದಲ ದಿವಸ ಉಗುಳುವುದನ್ನೂ ಬಾಯಿ ಮುಕ್ಕಳಿಸುವುದನ್ನೂ ಬಿಡಬೇಕು. ಮರುದಿನದಿಂದ ಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲನೆ ಮುಕ್ಕಳಿಸಬೇಕು. ತಂಬಾಕು, ಬೀಡಿ, ಎಲೆಯಡಿಕೆ ಸರ್ವಥಾ ವರ್ಜ್ಯ. ಈ ಸೀಮೆಯ ಖಡಕ್ ಜೋಳದ ರೊಟ್ಟಿಯನ್ನೂ ಹುರಿಗಡಲೆಯನ್ನೂ ಕೆಲವು ದಿವಸ ಬಿಟ್ಟು, ಮಜ್ಜಿಗೆಯನ್ನ, ಆರಿದ ಗಂಜಿ, ಅಂಬಲಿ ಇವನ್ನು ಸೇವಿಸುವುದು ಹಿತ. ಬ್ಯಾಡಗಿಯ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದಾದರೂ ಹಸಿಗಾಯವು ಆ ತಾರತಮ್ಯವನ್ನು ಅರಿಯದು. ಜ್ವರ ಬಂದರೆ, ಬಾವು ಹೆಚ್ಚುತ್ತ ಹೋದರೆ, ರಕ್ತವು ನಿಲ್ಲದಿದ್ದರೆ ತಡೆಯದೆ ವೈದ್ಯನನ್ನು ಕಾಣಬೇಕು.

ಚರಕನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯನ್ನೂ ಒಂದು ಪಾದವಾಗಿ ಎಣಿಸಿ, ಅವನಲ್ಲಿರಬೇಕಾದ ನಾಲ್ಕು ಗುಣಗಳನ್ನು ಹೇಳಿರುವನು: ಸ್ಮೃತಿ, ವೈದ್ಯನ ಮಾತಿನಂತೆ ನಡೆಯುವಿಕೆ, ಅಭೀರುತ್ವ, ತನ್ನ ರೋಗವನ್ನು ಚೆನ್ನಾಗಿ ತಿಳಿಸುವಿಕೆ. ಅಭೀರುತ್ವವು ಹುಟ್ಟುಗುಣವೇ ಆಗಬೇಕಾಗಿಲ್ಲ. ತಿಳಿವಳಿಕೆಯಿಂದಲೂ ಆಪ್ತರ ಮಾತಿನಿಂದಲೂ ಬರತಕ್ಕದ್ದೂ ಆಗಿದೆ. ಬುದ್ಧಿಹಲ್ಲು ಮೂಡುವ ವಯಸ್ಸಿನ ತರುಣತರುಣಿಯರು ಹಾವೇರಿ ರಾಣೇಬೆನ್ನೂರುಗಳ ಕಾಲೇಜುಗಳಲ್ಲಿ ದಿನವೂ ಅಧ್ಯಾಪಕರ ಮುಂದೆಯೇ ಕುಳಿತಿರುವರು. 'ದ್ವಿಜ' ಶಬ್ದದ ಶ್ಲೇಷವನ್ನು ವಿವರಿಸುವ ದಿವಸ, ಕೆನ್ನೆಗೆ ಕೈಯಿಟ್ಟು ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಸುಶ್ರುತನ ವಚನದ ಮರೆತುಹೋದ ಅರ್ಧವನ್ನೂ ಹೇಳಿದರೆ, ಪಾಠವು ಕಾವ್ಯದಾಚೆಗೂ ಪ್ರಯೋಜನವಾಗುವುದು.